ಮದುಮಗನ ಕೈಯಲ್ಲಿ ನನ್ನ ಚಾಕು

ಒಂದೇ ಕೈಯಲ್ಲಿ ಚಾಕು ತೆರೆಯುವುದನ್ನು ಕಲಿತೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ನಿಪ್ಪಾಣಿಯ ಬಸ್‌ನಿಲ್ದಾಣದಲ್ಲಿ. ದೊಡ್ಡ ಶಪಥಗಳನ್ನೆಲ್ಲ ಮುಡಿ ಬಿಚ್ಚಿ ಮಾಡಬೇಕಂತೆ. ನಮ್ಮೂರು ಸದಲಗಾದ ಬಸ್ಸಿಗೆ ಕಾದು ನಿಂತಿದ್ದ ಆ ಜನಜಂಗುಳಿಯಲ್ಲಿ ನಾನು ಜಡೆ ಬಿಚ್ಚಿದ್ದರೆ ಅದು ಇನ್ಯಾರದೋ ಚೀಲದ ಜಿಪ್ಪಿಗೆ ಸಿಕ್ಕಿಕೊಳ್ಳುತ್ತಿತ್ತು. ಹಾಗಾಗಿ ಜಡೆಯನ್ನು ಅದರ ಪಾಡಿಗೆ ಬಿಟ್ಟು ಶಪಥವನ್ನಷ್ಟೇ ಮಾಡಿದೆ. ಶಪಥ ಮಾತ್ರ ಘನಘೋರವಾಗಿತ್ತು!

ಎಲ್ಲಕ್ಕೂ ಕಾರಣ ಅಲ್ಲಿನ ಹುಸೇನಮಿಯಾ ಅವರ ಅಂಗಡಿ. ಹಿತ್ತಲ ಬಾಗಿಲಿಗೆ ಹಾಕಲು ಒಂದು ಕೀಲಿ ತಾ ಎಂದು ಅವ್ವ ಕಳಿಸಿದ್ದಳು. ಕೀಲಿ, ಕತ್ತರಿ, ಬ್ಯಾಟರಿ, ಬಾಚಣಿಗೆ ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಮಲಗಿಸಿಟ್ಟ ಸಣ್ಣ ಅಂಗಡಿ ಅದು. ಹುಸೇನಮಿಯಾ ಕೀಲಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟು, ನಾನು ಕೇಳದಿದ್ದರೂ ಒಂದು ಮಡಚುವ ಚಾಕುವನ್ನು ಎತ್ತಿ ತೋರಿಸಿದರು. ಕಪ್ಪು ಹಿಡಿ. ಹಿಡಿಯೊಳಗೆ ನಿದ್ದೆ ಹೋದಂತಿದ್ದ ಅಲಗು. ಅಲಗಿನ ಬುಡದಲ್ಲಿ ಜೋಳದ ಕಾಳಿನಷ್ಟು ಉಬ್ಬಿದ ಒಂದು ಗುಂಡಿ, ಅದೇ ಗುಬ್ಬಿ. ಅವರ ಹೆಬ್ಬೆರಳು ಆ ಗುಬ್ಬಿಗೆ ತಾಗಿದ್ದನ್ನಷ್ಟೇ ನಾನು ಕಂಡೆ. ಅಲಗು ಹೊರಳಿ ಬಂದು ಟಕ್ ಎಂದು ನಿಂತಿತು.

ಆ ಸದ್ದನ್ನು ಹೇಗೆ ಹೇಳಲಿ? ಸಂತೆಯಲ್ಲಿ ಬೆಂಡೆಕಾಯಿ ಎಳೆಯದೋ ಬಲಿತದ್ದೋ ಎಂದು ತುದಿ ಮುರಿದು ನೋಡುತ್ತೇವಲ್ಲ, ಆ ಸದ್ದಿಗೆ ಉಕ್ಕಿನ ಮೈ ಬಂದ ಹಾಗೆ. ತಂಬಾಕಿನ ಘಾಟು, ರಿಕ್ಷಾಗಳ ಹಾರ್ನು, ತಳ್ಳುಗಾಡಿಯವರ ಕೂಗು ಎಲ್ಲವೂ ಒಂದು ಕ್ಷಣ ಬದಿಗೆ ಸರಿದು ಅದಕ್ಕೆ ದಾರಿ ಬಿಟ್ಟವು. ಮುಗಿಯದ ವಾಕ್ಯವೊಂದು ಥಟ್ಟನೆ ಮುಗಿದಾಗ ಆಗುವ ಸಮಾಧಾನ ಅದರಲ್ಲಿತ್ತು.

"ಕೀಲಿ ಎಲ್ಲಾರೂ ಒಯ್ತಾರ ಬೇಟಿ," ಎಂದರು ಹುಸೇನಮಿಯಾ. "ಇದನ್ನ ಶೌಕ ಇದ್ದವರು ಒಯ್ತಾರ."

ನನಗೆ ಶೌಕ ಇದೆ ಎನ್ನುವುದು ನನಗೆ ತಿಳಿದದ್ದೇ ಆಗ. ಅದುವರೆಗೆ ನಾನು ಚಿಕ್ಕೋಡಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವ, ಬಿ.ಎ. ಕೊನೆಯ ವರ್ಷದ, ಯಾವ ಪ್ರಶ್ನೆಗೂ ಮೊದಲು ಕೈ ಎತ್ತದ ಹುಡುಗಿ. ಚಾಕು ಕೊಂಡು ಅಂಗಡಿಯಿಂದ ಹೊರಬಂದಾಗ ನಾನು ಶೌಕಿನ ಕೋಮಲ.

ಸಾಧನೆ ಸುಲಭದ್ದಾಗಿರಲಿಲ್ಲ. ನಮ್ಮ ಎಮ್ಮೆಯ ಕೊಟ್ಟಿಗೆಯೇ ನನ್ನ ತಪೋವನ. ಅಲ್ಲಿ ಎಮ್ಮೆಯೊಂದನ್ನು ಬಿಟ್ಟರೆ ಸಾಕ್ಷಿಗಳಿರಲಿಲ್ಲ. ಮೊದಮೊದಲು ಅಲಗು ಅರ್ಧ ಬಂದು ಆಲಸಿಯಂತೆ ನಿಂತುಬಿಡುತ್ತಿತ್ತು. ಕೆಲವು ಸಲ ಅಲಗು ಬರುವುದರ ಬದಲು ಇಡೀ ಚಾಕುವೇ ಹಾರಿ ಹೊಟ್ಟಿನ ಚೀಲದ ಮೇಲೆ ಬೀಳುತ್ತಿತ್ತು. ಹೆಬ್ಬೆರಳು ಬಾತುಕೊಂಡು, ಕಾಲೇಜಿನಲ್ಲಿ ಪೆನ್ನು ಹಿಡಿಯಲಾಗದೆ, ಟಿಪ್ಪಣಿ ಬರೆಯುವುದನ್ನು ಬಿಟ್ಟು ಪಾಠವನ್ನು ಕೇಳಬೇಕಾಗಿ ಬಂತು. ಅದು ನನ್ನ ವಿದ್ಯಾಭ್ಯಾಸಕ್ಕೆ ಆದ ಏಕೈಕ ಲಾಭ.

ನಂತರ ಒಂದು ಸಂಜೆ, ಕಬ್ಬಿನ ಗದ್ದೆಯ ಮೇಲೆ ಬಿಸಿಲು ಕೆಂಪಾಗಿ ಇಳಿಯುತ್ತಿರುವಾಗ, ನಾನು ಬೇರೇನನ್ನೋ ಯೋಚಿಸುತ್ತಾ ನಿಂತಿರುವಾಗ, ಅದು ತಾನಾಗಿ ಒಲಿಯಿತು. ಟಕ್! ಎಮ್ಮೆ ಮೆಲುಕು ನಿಲ್ಲಿಸಿ ನನ್ನತ್ತ ನೋಡಿತು. ಇನ್ನೊಮ್ಮೆ ಮಾಡಿದೆ. ಟಕ್! ಹಕ್ಕಿಯೊಂದು ರೆಕ್ಕೆ ಬಿಚ್ಚಿದಷ್ಟು ಹಗುರ. ಬಲ ಬೇಕಿಲ್ಲ, ಬರೀ ನಂಬಿಕೆ ಬೇಕು. ಹೆಬ್ಬೆರಳು ಹೇಳುತ್ತದೆ, ಅಲಗು ಕೇಳುತ್ತದೆ. ನನ್ನ ಮಾತನ್ನು ಮೊದಲ ಸಲಕ್ಕೇ ಕೇಳುವ ವಸ್ತು ನಮ್ಮ ಮನೆಯಲ್ಲಿ ಅದೊಂದೇ.

ಆ ಮೇಲೆ ಕೇಳಬೇಕೆ? ಓದಲು ಕೂತರೆ ಪುಟಕ್ಕೊಂದು ಟಕ್. ಚಹಾ ಕುದಿಯುವವರೆಗೆ ಟಕ್ ಟಕ್. ಕಾಲೇಜಿಗೆ ಒಯ್ಯುವಷ್ಟು ಬುದ್ಧಿ ಕೆಟ್ಟಿರಲಿಲ್ಲವಾದ್ದರಿಂದ ಮನೆಗೆ ಬಂದೊಡನೆ ದಿನದ ಬಾಕಿಯನ್ನೆಲ್ಲ ತೀರಿಸಿಕೊಳ್ಳುತ್ತಿದ್ದೆ. ಯಾರೋ ಗ್ಯಾಸಿನ ಲೈಟರ್ ಒತ್ತುತ್ತಿದ್ದಾರೆಂದು ಅವ್ವ ಬಹಳ ದಿನ ತಿಳಿದಿದ್ದಳು. ದಿನಕ್ಕೆರಡು ಸಲ ಅಡುಗೆಮನೆಗೆ ಓಡಿಬಂದು ಗ್ಯಾಸ್ ಬಂದ್ ಆಗಿದೆಯೋ ಎಂದು ನೋಡುತ್ತಿದ್ದಳು. ಕೊನೆಗೆ ಒಂದು ದಿನ ಲೈಟರನ್ನು ಕೈಯಲ್ಲಿ ಹಿಡಿದುಕೊಂಡಿದ್ದಾಗಲೇ ಟಕ್ ಎಂಬ ಸದ್ದು ಪಡಸಾಲೆಯಿಂದ ಬಂದುಬಿಟ್ಟಿತು. ನಾನು ಸಿಕ್ಕಿಬಿದ್ದೆ.

"ಏನಬೇ ಅದು ಕೈಯಾಗ?"

"ಚಾಕು."

"ಅದು ಕಾಣಾಕತ್ತೈತಿ. ಚಾಕು ಅಡಗಿಮನ್ಯಾಗ ಇರತೈತಿ. ಪಡಸಾಲ್ಯಾಗ ಹಿಡಕೊಂಡ ಕುಂತವರಿಗೆ ಏನಂತಾರ ಗೊತ್ತೈತೇನ?"

"ಶೌಕಿನವರು ಅಂತಾರ."

ಅವ್ವನ ಹೆಸರು ಅನುಸೂಯಾ. ಹೆಸರಿನ ಅರ್ಥ ಅಸೂಯೆ ಇಲ್ಲದವಳು ಎಂದು. ನನ್ನ ಚಾಕುವಿನ ವಿಷಯದಲ್ಲಿ ಅವಳು ಹೆಸರಿಗೆ ತಕ್ಕಂತೆ ನಡೆದುಕೊಳ್ಳಲಿಲ್ಲ. ಗುಜರಿಯವನು ಓಣಿಗೆ ಬಂದ ದಿನ ಅದನ್ನು ಹಾಕಿ ಬೆಳ್ಳುಳ್ಳಿ ತಗೊಳ್ಳುವುದಾಗಿ ಘೋಷಿಸಿದಳು. ಅಂದಿನಿಂದ ಓಣಿಯಲ್ಲಿ "ಗುಜರೀ" ಎಂಬ ಕೂಗು ಕೇಳಿದರೆ ನಾನು ಚಾಕುವನ್ನು ಹೊಟ್ಟಿನ ಚೀಲದಲ್ಲಿ ಬಚ್ಚಿಡತೊಡಗಿದೆ. ಚಾಕುವನ್ನು ಉಳಿಸಿಕೊಳ್ಳಬೇಕು, ಆದರೆ ಹೇಗೆ?

ದಾರಿ ತೋರಿಸಿದವಳು ನನ್ನ ಆಯಿ, ಅಂದರೆ ಅಪ್ಪನ ತಾಯಿ ಕೆಂಪವ್ವ. ಅಣ್ಣ ಬಾಳೇಶನ ಲಗ್ನ ಕಾಗವಾಡದ ನೀಲಮಳೊಂದಿಗೆ ಗೊತ್ತಾಗಿತ್ತು. ನಮ್ಮ ಕಡೆ ಅರಿಷಿಣ ಹಚ್ಚಿದ ಮೇಲೆ ಮದುಮಗ ಬರಿಗೈಯಲ್ಲಿ ಇರುವಂತಿಲ್ಲ. ತುದಿಗೆ ಲಿಂಬೆಹಣ್ಣು ಚುಚ್ಚಿದ ಚಾಕುವೋ ಕಟ್ಯಾರಿಯೋ ಅವನ ಕೈಯಲ್ಲಿರಬೇಕು. ಊರ ಕಣ್ಣೆಲ್ಲ ಆ ಹಣ್ಣಿನ ಮೇಲೆ ಬೀಳಲಿ, ಹುಡುಗನ ಮೇಲೆ ಬೀಳದಿರಲಿ ಎಂದು. ಹೆಂಡತಿಯನ್ನು ಕರೆದುಕೊಂಡು ಮನೆಯ ಹೊಸ್ತಿಲಿಗೆ ಮರಳುವವರೆಗೂ ಅದು ಅವನ ಕೈ ಬಿಡಬಾರದು. ನಮ್ಮ ಮನೆತನಕ್ಕೆ ಒಂದು ಕಟ್ಯಾರಿ ಇತ್ತು ನಿಜ. ಅದು ಯಾವುದೋ ಬೀಗರ ಮದುವೆಗೆಂದು ಅಥಣಿಗೆ ಹೋಗಿ, ಅಲ್ಲಿಂದ ಇನ್ನೊಂದು ಮದುವೆಗೆ ರಾಯಬಾಗಕ್ಕೆ ಹೋಗಿ, ಈಗ ಎಲ್ಲಿ ಯಾರ ಕಣ್ಣು ತಡೆಯುತ್ತಿದೆಯೋ ಯಾರಿಗೂ ಗೊತ್ತಿರಲಿಲ್ಲ.

"ಹೊಸಾದೊಂದ ತರಬೇಕ," ಎಂದಳು ಆಯಿ.

ನಾನು ಎದ್ದು ನಿಂತೆ. ಕಾಲೇಜಿನ ಯಾವ ಭಾಷಣ ಸ್ಪರ್ಧೆಯಲ್ಲೂ ಎದ್ದು ನಿಲ್ಲದವಳು ಅಂದು ನಮ್ಮ ಪಡಸಾಲೆಯಲ್ಲಿ ಎದ್ದು ನಿಂತೆ. ಹೋದ ವರ್ಷ ದೊಡ್ಡಪ್ಪನ ಮಗ ಹಾಲಸಿದ್ದನ ಮದುವೆಯಲ್ಲಿ ಏನಾಯಿತು ಎಂದು ಎಲ್ಲರಿಗೂ ನೆನಪು ಮಾಡಿಕೊಟ್ಟೆ. ಅವನು ಹಿಡಿದದ್ದು ಅಡುಗೆಮನೆಯ ಕಾಯಿಪಲ್ಲೆ ಚಾಕು. ಊಟಕ್ಕೆ ಕೂತಾಗ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡು ಹೊಸ ಕೋಟು ಹರಿದುಕೊಂಡ. ಫೋಟೊಕ್ಕೆಂದು ಕೈ ಎತ್ತಿದಾಗ ಪೆಂಡಾಲಿನ ಬಟ್ಟೆಗೆ ತೂತು ಬಿತ್ತು. ನನ್ನ ಚಾಕುವಾದರೋ ಮಡಚುತ್ತದೆ! ಊಟದ ಹೊತ್ತಿಗೆ ಹಣ್ಣು ತೆಗೆದು ಮಡಚಿ ಮುಷ್ಟಿಯಲ್ಲಿಟ್ಟುಕೊಂಡರೆ ಕೈ ಬಿಟ್ಟ ಹಾಗೂ ಆಗಲಿಲ್ಲ, ಕೋಟು ಹರಿದ ಹಾಗೂ ಆಗಲಿಲ್ಲ. ಬೇಕೆಂದಾಗ ಟಕ್!

ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಒಮ್ಮೆ ದೇವರ ಮುಂದಿಟ್ಟು ಅರಿಷಿಣ ಕುಂಕುಮ ಹಚ್ಚಿದ ಚಾಕುವನ್ನು, ಮದುಮಗನನ್ನು ಊರ ಕಣ್ಣಿನಿಂದ ಕಾಯ್ದ ಚಾಕುವನ್ನು, ಯಾವ ತಾಯಿ ತಾನೇ ಬೆಳ್ಳುಳ್ಳಿಗೆ ಮಾರಿಯಾಳು?

ಅಪ್ಪ ನಕ್ಕು ಒಪ್ಪಿದ. ಆಯಿ ಚಾಕುವನ್ನು ತಿರುಗಿಸಿ ನೋಡಿ ಒಪ್ಪಿದಳು. ಅವ್ವ ಮಾತ್ರ ಷರತ್ತು ಹಾಕಿದಳು.

"ಲಗ್ನದಾಗ ಇದರಿಂದ ಒಂದ ಏನರ ಆತಂದ್ರ, ನಾ ಗುಜರಿಯವನ ದಾರಿ ನೋಡಾಂಗಿಲ್ಲ. ಸೀದಾ ದೂಧಗಂಗಾ ಹೊಳಿಗೆ ಒಗೀತೀನಿ."

ಒಪ್ಪಿಕೊಂಡೆ. ಆಗಬಾರದ್ದು ಏನು ತಾನೇ ಆದೀತು?

ಅರಿಷಿಣದ ದಿನ ಅಣ್ಣನನ್ನು ಮಣೆಯ ಮೇಲೆ ಕೂರಿಸಿ ಓಣಿಯ ಹೆಂಗಸರೆಲ್ಲ ಹಚ್ಚಿದ್ದೇ ಹಚ್ಚಿದ್ದು. ಕಣ್ಣು ರೆಪ್ಪೆಗಳನ್ನು ಬಿಟ್ಟರೆ ಅವನಲ್ಲಿ ಅಣ್ಣ ಎನ್ನುವಂಥದ್ದು ಏನೂ ಕಾಣುತ್ತಿರಲಿಲ್ಲ. ಹಳದಿ ಗೊಂಬೆಯ ಕೈಯಲ್ಲಿ ನನ್ನ ಕಪ್ಪು ಹಿಡಿಯ ಚಾಕು, ಅದರ ತುದಿಯಲ್ಲಿ ದುಂಡನೆಯ ಲಿಂಬೆಹಣ್ಣು. ನೋಡಿ ಕಣ್ತುಂಬಿ ಬಂತು. ಅಣ್ಣನಿಗಾಗಿಯೋ ಚಾಕುವಿಗಾಗಿಯೋ ಎಂದು ಈಗ ಕೇಳಬೇಡಿ.

ಹಚ್ಚಿಸಿಕೊಂಡಾದ ಮೇಲೆ ಮದುಮಗನಿಗೆ ಕೆಲಸವಿರುವುದಿಲ್ಲ. ಹೊರಗೆ ಹೋಗುವಂತಿಲ್ಲ, ಟ್ರ್ಯಾಕ್ಟರ್ ಮುಟ್ಟುವಂತಿಲ್ಲ. ಮೊಬೈಲ್ ಹಿಡಿದರೆ ಪರದೆಗೆಲ್ಲ ಅರಿಷಿಣ. ಬೇಸರದಿಂದ ಬೆಂದುಹೋದ ಅಣ್ಣ ನನ್ನನ್ನು ಹತ್ತಿರ ಕರೆದ.

"ಕೋಮಿ, ನೀ ಟಕ್ ಅನಸ್ತಿಯಲ್ಲ, ಅದನ್ನ ಒಂದ ಸಲ ತೋರಸ."

"ಲಿಂಬಿಹಣ್ಣ ತಗೀಬೇಕಾಗತೈತಿ."

"ತಗಿ. ಆಯಿ ಒಳಗ ಅದಾಳ."

ತೆಗೆದೆ, ತೋರಿಸಿದೆ. ಗುರು ಎನಿಸಿಕೊಳ್ಳುವ ಆಸೆ ಕೆಟ್ಟದ್ದು. ಗುಬ್ಬಿಯ ಮೇಲೆ ಹೆಬ್ಬೆರಳು ಹೇಗಿಡಬೇಕು, ಮಣಿಕಟ್ಟು ಎಷ್ಟು ಸಡಿಲ ಬಿಡಬೇಕು ಎಲ್ಲವನ್ನೂ ಹೇಳಿಕೊಟ್ಟೆ. ನನಗೆ ತಿಂಗಳುಗಟ್ಟಲೆ ಒಲಿಯದ ವಿದ್ಯೆ ಅವನಿಗೆ ಹೊತ್ತು ಮುಳುಗುವುದರೊಳಗೆ ಒಲಿಯಿತು. ಅರಿಷಿಣ ಮೆತ್ತಿದ ಆ ಮುಖದಲ್ಲಿ ನಗು ಬಿರಿದು, ಕೆನ್ನೆಯ ಲೇಪವೆಲ್ಲ ಬಿರುಕುಬಿಟ್ಟಿತು.

ಸೋಂಕು ಹರಡಿತು. ಅಣ್ಣನ ಗೆಳೆಯರು ಬಂದು ಒಬ್ಬೊಬ್ಬರಾಗಿ ಪ್ರಯತ್ನಿಸಿದರು. ಅಪ್ಪ "ಏನ ಅದರಾಗಿಂದು" ಎನ್ನುತ್ತಾ ಬಂದು, ಅಡುಗೆಯವರು ಕರೆಯುತ್ತಿದ್ದರೂ ಎದ್ದು ಹೋಗಲಿಲ್ಲ. ವಿಡಿಯೊದವನು ಅಲಗು ನಿಧಾನವಾಗಿ ಹೊರಳುವಂತೆ ಕಾಣಬೇಕೆಂದು ಎಂಟು ಸಲ ತೆಗೆಸಿದ. ಬಳೆ ತೊಡಿಸಲು ಬಂದವಳೂ ಬಳೆ ಬುಟ್ಟಿ ಬದಿಗಿಟ್ಟು ಒಂದು ಕೈ ನೋಡಿದಳು. ಪ್ರತಿ ಸಲವೂ ಲಿಂಬೆಹಣ್ಣು ತೆಗೆಯುವುದು, ಟಕ್, ಆಯಿ ಬರುವ ಸುಳಿವು ಸಿಕ್ಕರೆ ಚುಚ್ಚುವುದು. ಹಣ್ಣು ಸಡಿಲಾಗಿ ಜಾರತೊಡಗಿದರೆ ಹೊಸದು. ರಾತ್ರಿ ಊಟದ ಹೊತ್ತಿಗೆ ತೂತುಬಿದ್ದ ಲಿಂಬೆಹಣ್ಣಿನ ಒಂದು ರಾಶಿಯೇ ಬಿದ್ದಿತ್ತು. ಅದನ್ನು ಕಂಡ ಅಡುಗೆಯವರು ಯಾಕೆ ಏನೆಂದು ಕೇಳದೆ ಒಯ್ದು ಶರಬತ್ತು ಮಾಡಿದರು. ಊರ ಕಣ್ಣನ್ನೆಲ್ಲ ಹೀರಿಕೊಂಡ ಆ ಶರಬತ್ತನ್ನು ಆಯಿಯೇ ಎರಡು ಲೋಟ ಕುಡಿದು, ಈ ಸಲದ ಅಡುಗೆಯವರ ಕೈ ಛಲೋ ಐತಿ ಎಂದು ಹೊಗಳಿದಳು. ಕೆಲವು ವಿಷಯಗಳನ್ನು ಹಿರಿಯರಿಗೆ ಹೇಳದಿರುವುದೂ ಒಂದು ಗೌರವ.

ಮರುದಿನ ಕಾಗವಾಡದ ಮಂಗಲ ಕಾರ್ಯಾಲಯಕ್ಕೆ ಹೊರಟೆವು. ರಸ್ತೆಯ ತಗ್ಗುಗಳಲ್ಲಿ ಹಣ್ಣು ಬಿದ್ದೀತೆಂದು ಅಣ್ಣ ಅದನ್ನು ತೆಗೆದು, ಚಾಕು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡ. ನಾನು ಹೇಳಿದ್ದಂತೆಯೇ! ಮುಂದಿನ ಸೀಟಿನಲ್ಲಿದ್ದ ಅವ್ವನ ಕಡೆಗೆ ನಾನು ಗೆಲುವಿನ ನೋಟವೊಂದನ್ನು ಕಳಿಸಿದೆ. ಎರಡೂ ಬದಿಗೆ ದ್ರಾಕ್ಷಿ ತೋಟಗಳು ಹಸಿರು ಚಪ್ಪರ ಹಾಕಿಕೊಂಡು ನಮ್ಮನ್ನೇ ಎದುರುಗೊಳ್ಳಲು ನಿಂತಂತಿದ್ದವು.

ಕಾರ್ಯಾಲಯದ ಬಾಗಿಲಲ್ಲಿ ಬ್ಯಾಂಡಿನವರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಬಾಯಿ ಒರೆಸಿಕೊಳ್ಳುತ್ತಿದ್ದರು. ಹೆಣ್ಣಿನ ತಾಯಿ ಆರತಿ ಹಿಡಿದು ನಿಂತಿದ್ದರು. ವರನ ತಂಗಿಯಾದ್ದರಿಂದ ಕಳಸಗಿತ್ತಿ ನಾನೇ. ಕಳಸ ಮತ್ತು ಉರಿಯುವ ಹಣತೆಯ ತಟ್ಟೆ ಹಿಡಿದು ಅಣ್ಣನ ಹಿಂದೆ ನಿಂತೆ. ಆಯಿ ತನ್ನ ಸೆರಗಿನ ಗಂಟಿನಿಂದ ಹೊಸ ಲಿಂಬೆಹಣ್ಣು ತೆಗೆದಳು.

"ಬಾಳ್ಯಾ, ಚಾಕು ತಗಿ."

ಅಣ್ಣ ಹೆಬ್ಬೆರಳಿಟ್ಟು ಒತ್ತಿದ. ಟಕ್ ಬರಲಿಲ್ಲ.

ಮತ್ತೆ ಒತ್ತಿದ. ಎರಡು ಹೆಬ್ಬೆರಳಿಟ್ಟು ಒತ್ತಿದ. ಚಾಕು ಕಲ್ಲಿನ ಗುಂಡಾಗಿತ್ತು. ಹಿಂದಿನ ದಿನವೆಲ್ಲ ಅದರ ಕೀಲಿನೊಳಗೆ ಲಿಂಬೆರಸ ಇಳಿದಿತ್ತು, ಮೇಲೆ ಎಷ್ಟೋ ಕೈಗಳ ಅರಿಷಿಣ, ಎಣ್ಣೆ, ಶ್ಯಾವಿಗೆ ಪಾಯಸದ ಜಿಗುಟು. ಎಲ್ಲ ಸೇರಿ ಅಂಟಾಗಿ, ಮಡಚಿದ ಮೇಲೆ ದಾರಿಯುದ್ದಕ್ಕೂ ಒಣಗಿ ಸಿಮೆಂಟು ಹಾಕಿದಂತೆ ಕೂತುಬಿಟ್ಟಿತ್ತು. ಗೆಳೆಯರು ಕೈಯಿಂದ ಕೈಗೆ ಕಸಿದುಕೊಂಡು ಪ್ರಯತ್ನಿಸಿದರು. ಅಪ್ಪ ಅಲಗಿನ ಬೆನ್ನಿಗೆ ಹಲ್ಲು ಹಚ್ಚಲು ಹೋದ. ಬೀಗರ ಮುಂದೆ ಹಾಗೆ ಮಾಡಬಾರದೆಂದು ಅವ್ವ ಅವನ ತೋಳು ಜಗ್ಗಿದಳು.

ಮುಚ್ಚಿದ ಚಾಕು ಹಿಡಿದುಕೊಂಡೇ ಹೋಗಲಿ, ಒಳಗೆ ನೋಡೋಣ ಎಂದು ಯಾರೋ ಅಂದರು. ಆಯಿ ಬಾಗಿಲಿಗೆ ಅಡ್ಡ ನಿಂತಳು.

"ಲಿಂಬಿಹಣ್ಣ ಇಲ್ದ ಮದಿಮಗ ಬಾಗಿಲಾ ದಾಟಾಂಗಿಲ್ಲ. ನಾ ಇರೂತನ ಇಲ್ಲ."

ಒಳಗೆ ವೇದಿಕೆಯಲ್ಲಿ ಅಕ್ಷತೆಯ ಹೊತ್ತು ಹತ್ತಿರವಾಯಿತೆಂದು ಸ್ವಾಮಿಗಳು ಮೈಕಿನಲ್ಲಿ ಹೇಳಿದರು. ಸ್ವಲ್ಪ ತಡೆದು ಮತ್ತೆ ಹೇಳಿದರು. ಮೂರನೆಯ ಸಲ ಅವರ ದನಿಯಲ್ಲಿದ್ದ ಮಂಗಳಕರ ಅಂಶ ಕಡಿಮೆಯಾಗಿತ್ತು.

ಆಗ ಹೆಣ್ಣಿನ ಸೋದರಮಾವ ಲಖನ ಮುಂದೆ ಬಂದರು. ಮಿರಜ ಕಡೆಯವರು, ಕಬ್ಬಿನ ಟ್ರ್ಯಾಕ್ಟರುಗಳ ಯಜಮಾನರು, ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುವವರು. ಕಾಯ್ ಝಾಲಂ ಎಂದು ಕೇಳಿ, ಆದದ್ದನ್ನು ತಿಳಿದುಕೊಂಡು, ಇಷ್ಟೇ ಏನ್ರಿ ಎಂದು ಹೊರಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು. ಮೊಳದುದ್ದದ, ಕಬ್ಬಿನ ಹಾಲು ಕಪ್ಪಾಗಿ ಅಂಟಿದ, ನೋಡಿದರೆ ಕಬ್ಬು ತಾನಾಗಿ ಮಲಗಿಬಿಡಬೇಕು ಅಂಥ ಕೊಯ್ತಾ.

"ಹೇ ಘ್ಯಾ ಆಯಿಸಾಹೇಬ, ತಗೋರಿ. ಇದಕ್ಕ ಚುಚ್ಚರಿ ಹಣ್ಣ. ಯಾರ ಕಣ್ಣ ಬೀಳತೈತಿ ನೋಡೂಣು."

ಅಣ್ಣನ ಕೈಗೆ ಅದನ್ನು ಕೊಟ್ಟೇಬಿಟ್ಟರು. ಬಾಸಿಂಗ ಕಟ್ಟಿಕೊಂಡು, ಜರಿಪೇಟ ಸುತ್ತಿಕೊಂಡು, ಕೊಯ್ತಾ ಹಿಡಿದು ನಿಂತ ಅಣ್ಣನನ್ನು ಕಂಡು ಹೆಣ್ಣಿನ ತಾಯಿ ಆರತಿಯ ಸಮೇತ ಒಂದು ಹೆಜ್ಜೆ ಹಿಂದೆ ಸರಿದರು. ವಿಡಿಯೊದವನು ಉತ್ಸಾಹದಿಂದ ಮುಂದೆ ಬಂದ. ಆಯಿ ಯೋಚಿಸುತ್ತಿದ್ದಳು; ಲಿಂಬೆಹಣ್ಣು ಅವಳ ಕೈಯಲ್ಲಿ ಮೆಲ್ಲಗೆ ಕೊಯ್ತಾದ ಕಡೆಗೆ ಹೊರಟಿತ್ತು. ಅವ್ವ ನನ್ನ ಚಾಕುವನ್ನು ಅಪ್ಪನ ಕೈಯಿಂದ ತೆಗೆದುಕೊಂಡು ತನ್ನ ಪರ್ಸಿಗೆ ಹಾಕತೊಡಗಿದಳು. ಆ ಪರ್ಸಿನ ದಾರಿ ನೇರ ದೂಧಗಂಗೆಗೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

"ಅವ್ವಾ, ಒಂದ ಸಲ ನನ್ನ ಕೈಯಾಗ ಕೊಡ."

"ಎಲ್ಲಾರೂ ನೋಡಾಕತ್ತಾರ ಕೋಮಲಾ."

"ನೋಡ್ಲಿ."

ಯಾವ ದನಿಯಲ್ಲಿ ಹೇಳಿದೆನೋ, ಅವ್ವ ಕೊಟ್ಟಳು. ನನ್ನ ತಟ್ಟೆಯಲ್ಲಿ ಹಣತೆ ಆಗಿನಿಂದ ಉರಿಯುತ್ತಿತ್ತು, ಎಣ್ಣೆ ಬಿಸಿಯಾಗಿತ್ತು. ಕಳಸವನ್ನು ಅಪ್ಪನ ಕೈಗೆ ಕೊಟ್ಟೆ. ಹಣತೆ ಆರದಂತೆ ಮೆಲ್ಲಗೆ ಬಗ್ಗಿಸಿ, ಬಿಸಿ ಎಣ್ಣೆಯನ್ನು ಚಾಕುವಿನ ಕೀಲಿನ ಮೇಲೆ ಹನಿಹನಿಯಾಗಿ ಬಿಟ್ಟೆ. ಹೊಸ ರೇಷ್ಮೆ ಸೀರೆಯ ಸೆರಗಿನಿಂದ ತಿಕ್ಕಿದೆ. ಸೆರಗು ಹಳದಿಯಾಗಿ ಹೋಯಿತು. ಮತ್ತೆ ಎಣ್ಣೆ ಬಿಟ್ಟೆ. ಸುತ್ತ ಎರಡು ಊರಿನ ಬೀಗರು ಕುತ್ತಿಗೆ ಚಾಚಿ ನಿಂತಿದ್ದರು. ತಡವಾಗುತ್ತಿರುವುದೇಕೆ ಎಂದು ನೋಡಲು ಮಂಗಲಾಷ್ಟಕ ಹೇಳುವ ಸ್ವಾಮಿಗಳೂ ಕೈಯಲ್ಲಿ ಮೈಕು ಹಿಡಿದೇ ವೇದಿಕೆ ಇಳಿದು ಬಂದಿದ್ದರು. ಅವರು ಬಗ್ಗಿ ನೋಡಿದಾಗ ಮೈಕು ನನ್ನ ಕೈಯ ಹತ್ತಿರವೇ ಬಂತು.

ಕಣ್ಣು ಮುಚ್ಚಿದೆ. ಬಲವಲ್ಲ, ನಂಬಿಕೆ. ಹೆಬ್ಬೆರಳು ಹೇಳಿತು.

ಟಕ್!

ಆ ಸದ್ದು ಮೈಕಿನೊಳಗೆ ಹೊಕ್ಕು, ಕಾರ್ಯಾಲಯದ ಎಂಟೂ ದಿಕ್ಕಿನ ಸ್ಪೀಕರುಗಳಿಂದ ಸಿಡಿದು, ದ್ರಾಕ್ಷಿ ತೋಟದ ಹಕ್ಕಿಗಳನ್ನೆಲ್ಲ ಎಬ್ಬಿಸಿತು. ಅದನ್ನೇ ಸನ್ನೆ ಎಂದುಕೊಂಡು ಬ್ಯಾಂಡಿನವರು ಬಾರಿಸತೊಡಗಿದರು. ಆಯಿ ಹಣ್ಣು ಚುಚ್ಚಿದಳು. ಲಖನ ಮಾಮಾ ಕೊಯ್ತಾವನ್ನು ಮರಳಿ ಪಡೆದು, ಅದರಿಂದಲೇ ನನಗೊಂದು ಸಲಾಮು ಹೊಡೆದರು. ಅಣ್ಣ ಬಾಗಿಲು ದಾಟಿದ. ಅಕ್ಷತೆ ಸರಿಯಾದ ಹೊತ್ತಿಗೇ ಬಿತ್ತು.

ಆ ಮಧ್ಯಾಹ್ನದ ಬಗ್ಗೆ ಹೆಚ್ಚು ಹೇಳಿದರೆ ಜಂಬವಾದೀತು. ಆದರೂ ಹೇಳುತ್ತೇನೆ. ಊಟದ ಪಂಕ್ತಿಯಲ್ಲಿ ಬೀಗರ ಹೆಂಗಸರು ನನ್ನನ್ನು ತಮ್ಮ ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಹೋಳಿಗೆಯ ಮೇಲೆ ಹೋಳಿಗೆ ಬಿತ್ತು. ಮಂಗಲಾಷ್ಟಕದವರು ತಮ್ಮ ಇಷ್ಟು ವರ್ಷದ ಅನುಭವದಲ್ಲಿ ಇಂಥ ಸಕಾಲದ ಸದ್ದು ಕೇಳಿಲ್ಲ ಎಂದರು. ಎಲ್ಲಕ್ಕಿಂತ ಮಿಗಿಲಾಗಿ, ಗುಜರಿಯವನ ದಾರಿ ಕಾಯುತ್ತಿದ್ದ ಅದೇ ನನ್ನ ಅವ್ವ, ಕಾಗವಾಡದ ಹೆಂಗಸರ ನಡುವೆ ನಿಂತು ಹೇಳುತ್ತಿದ್ದುದನ್ನು ನಾನು ಕಿವಿಯಾರೆ ಕೇಳಿದೆ. ನಮ್ಮ ಕೋಮಲಗೆ ಮೊದಲಿಂದನೂ ಕೈಚಳಕ ಭಾಳ್ರಿ, ನಾನೇ ಕಲಿ ಅಂತ ಅಂದಿದ್ದೆ, ಎಂದು!

ಹೊತ್ತು ಇಳಿಯುವಾಗ ಮದುಮಗಳನ್ನು ಕರೆದುಕೊಂಡು ಸದಲಗಾಕ್ಕೆ ಬಂದೆವು. ನಾನು ಬರುವ ಮೊದಲೇ ನನ್ನ ಕೀರ್ತಿ ಮೊಬೈಲಿನಲ್ಲಿ ಬಂದು ಮುಟ್ಟಿತ್ತು. ಓಣಿಗೆ ಓಣಿಯೇ ನಮ್ಮ ಅಂಗಳದಲ್ಲಿ ನೆರೆದಿತ್ತು. ಹೊಸ್ತಿಲಲ್ಲಿ ಒಂದು ಶಾಸ್ತ್ರ ಉಳಿದಿತ್ತು. ಊರ ಕಣ್ಣು ತಡೆದ ಲಿಂಬೆಹಣ್ಣನ್ನು ಅದೇ ಚಾಕುವಿನಿಂದ ಎರಡು ಹೋಳು ಮಾಡಿ, ಒಂದನ್ನು ಎಡಕ್ಕೂ ಒಂದನ್ನು ಬಲಕ್ಕೂ ಎಸೆಯಬೇಕು. ಆಮೇಲೆಯೇ ಸೊಸೆ ಒಳಗೆ ಬರುವುದು.

ಅದಕ್ಕೂ ಮೊದಲು ಇನ್ನೊಮ್ಮೆ ತೋರಿಸು ಎಂದು ಎಲ್ಲರೂ ಹಟ ಹಿಡಿದರು. ನಾನು ಬೇಡ ಬೇಡ ಎನ್ನುತ್ತಲೇ, ಬಹಳ ಹೊತ್ತು ಬೇಡ ಎಂದರೆ ನಿಜವೆಂದು ತಿಳಿದಾರೆಂಬ ಭಯದಿಂದ ಬೇಗನೆ ಒಪ್ಪಿದೆ. ಹಣ್ಣು ತೆಗೆದೆ, ಚಾಕು ಮಡಚಿದೆ, ತಲೆಯ ಮೇಲಕ್ಕೆ ಕೈ ಎತ್ತಿದೆ. ಟಕ್! ಅಂಗಳ ಚಪ್ಪಾಳೆಯಲ್ಲಿ ಮುಳುಗಿತು. ಸೇನಾಪತಿಯು ಅರಸನಿಗೆ ಖಡ್ಗ ಒಪ್ಪಿಸುವಂತೆ ಅಣ್ಣನ ಕೈಗೆ ಕೊಟ್ಟೆ.

ಅಣ್ಣ ಹಣ್ಣನ್ನು ಹೊಸ್ತಿಲ ಮೇಲಿಟ್ಟು ಚಾಕು ಒತ್ತಿದ. ಹಣ್ಣು ಚಪ್ಪಟೆಯಾಯಿತು. ಚಾಕು ಎತ್ತಿದ. ಹಣ್ಣು ಮತ್ತೆ ದುಂಡಗಾಯಿತು. ಗರಗಸದಂತೆ ಹಿಂದೆ ಮುಂದೆ ಎಳೆದ. ಸಿಪ್ಪೆಯ ಮೇಲೆ ಒಂದು ಗೀರೂ ಬೀಳಲಿಲ್ಲ. ಎರಡೂ ಕೈ ಹಾಕಿ ಭಾರ ಬಿಟ್ಟ. ಹಣ್ಣು ಚಾಕುವಿನ ಕೆಳಗಿಂದ ಜಿಗಿದು ನೆರೆಮನೆಯವರ ಕಾಲಿನ ನಡುವೆ ಉರುಳಿ ಹೋಯಿತು. ಅದನ್ನು ಹುಡುಕಿ ತಂದರು. ಈ ಸಲ ನಾನು ಕೂತು ಪ್ರಯತ್ನಿಸಿದೆ. ಹಣ್ಣು ನನ್ನನ್ನೂ ಲೆಕ್ಕಕ್ಕೆ ಇಡಲಿಲ್ಲ.

ಅವ್ವ ಬಗ್ಗಿ, ಅಲಗಿನ ಬಾಯಿಗೆ ಬೆರಳಿಟ್ಟು, ಬುಡದಿಂದ ತುದಿಯವರೆಗೆ ಎಳೆದಳು. ಚಮಚವನ್ನು ಸವರಿದಷ್ಟು ನಿಶ್ಚಿಂತೆಯಿಂದ ಎಳೆದಳು.

"ಇದಕ್ಕ ಧಾರೆನ ಇಲ್ಲ. ಇಷ್ಟ ದಿನದಾಗ ಇದರಿಂದ ಒಂದ ಸವತಿಕಾಯಿ ಆದ್ರೂ ಹೆಚ್ಚಿ ನೋಡಿದ್ದೇನ ನೀ?"

ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಬೆಳಗಾದರೆ ತೆರೆದಿದ್ದೆ, ಸಂಜೆಯಾದರೆ ತೆರೆದಿದ್ದೆ, ಮಳೆ ನೋಡುತ್ತಾ ತೆರೆದಿದ್ದೆ, ಕಾರಣವಿಲ್ಲದೆ ಸಂತೋಷವಾದಾಗ ತೆರೆದಿದ್ದೆ. ಚಾಕುವಿನಿಂದ ಏನನ್ನಾದರೂ ಕೊಯ್ಯಬಹುದು ಎಂಬುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಮದುಮಗಳು, ಅಂದರೆ ನನ್ನ ಅತ್ತಿಗೆ ನೀಲಮ ವೈನಿ, ಆಗಿನಿಂದಲೂ ಹೊಸ್ತಿಲಾಚೆ ತಲೆ ತಗ್ಗಿಸಿ ನಿಂತಿದ್ದರು. ಬೆಳಗಿನಿಂದ ಅವರು ಯಾರೊಂದಿಗೂ ಒಂದು ಮಾತಾಡಿದ್ದನ್ನು ಕೇಳಿರಲಿಲ್ಲ. ಅವರು ಕೈ ಚಾಚಿ, ನನ್ನ ಕೈಯಿಂದ ಚಾಕುವನ್ನು ಮೆಲ್ಲಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆ ಮನೆಯ ಸೊಸೆಯಾಗಿ ತಮ್ಮ ಮೊತ್ತಮೊದಲ ಮಾತನ್ನು, ತಲೆ ಎತ್ತದೆಯೇ, ಬಹಳ ಮರ್ಯಾದೆಯಿಂದ ಆಡಿದರು.

"ಭಾಳ ಛಂದ ತೆರೀತೈತ್ರಿ ಅಕ್ಕಾರ. ಕೊಯ್ಯಾಕ ಇನ್ನೊಂದ ಐತೇನ್ರಿ?"